ಶೆಡ್ಡಿನ ಹಿಂದಿನ ಗುಡ್ಡೆ

ಜನವರಿ 6, ಮಂಗಳವಾರ

ಈ ಪುಸ್ತಕ ಇವತ್ತು ಸಿಕ್ಕಿತು. ಗಟ್ಟಿ ರಟ್ಟು, ನೀರು ಬಿದ್ದರೂ ಹರಿಯದ ಕಾಗದ. ಮುಂದಿನ ಪುಟಗಳಲ್ಲಿ ಅಳತೆ ಬರೆಯಬೇಕಂತೆ. ಹಿಂದಿನ ಪುಟಗಳು ಸುಮ್ಮನೆ ಖಾಲಿ ಬಿದ್ದಿರುತ್ತವಲ್ಲ, ಅಲ್ಲಿ ನನ್ನ ಮಾತು ಬರೆದುಕೊಳ್ಳುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ.

ಕೊಟ್ಟವರು ಮೀನುಗಾರಿಕೆ ಕಚೇರಿಯಿಂದ ಬಂದ ಮೇಡಂ. ಐವತ್ತು ದಾಟಿರಬೇಕು. ಮಂಡಿಗೆ ಪಟ್ಟಿ ಸುತ್ತಿದ್ದಾರೆ, ಕುತ್ತಿಗೆಗೆ ದಾರದಲ್ಲಿ ಒಂದು ಸ್ಕೇಲು ನೇತುಹಾಕಿಕೊಂಡಿದ್ದಾರೆ. ಅರ್ಧ ಗಂಟೆಯೊಳಗೆ ನಮ್ಮ ಹೆಂಗಸರು ಅವರಿಗೆ ಸ್ಕೇಲಮ್ಮ ಎಂದು ಹೆಸರಿಟ್ಟಾಯಿತು.

ಅಳಿವೆಯ ಮರಳುದಿಣ್ಣೆಯಲ್ಲಿ ನಾವು ಕಪ್ಪೆಚಿಪ್ಪು ತೆಗೆಯಲು ಶುರುಮಾಡಿ ಮೂರು ವರ್ಷವಾಯಿತು. ಪರವಾನಗಿ ಕೊಟ್ಟಿದ್ದೂ ಮೂರೇ ವರ್ಷಕ್ಕೆ, ಪರೀಕ್ಷೆಗೆಂದು. ಮಾರ್ಚ್ ಕೊನೆಗೆ ಅದು ಮುಗಿಯುತ್ತದೆ. ಈ ಕಸುಬು ಬಾಳಿಕೆ ಬರುತ್ತದೋ ಇಲ್ಲವೋ ಎಂದು ಅಳೆದು ವರದಿ ಬರೆಯಲು ಸ್ಕೇಲಮ್ಮ ಬಂದಿದ್ದಾರೆ. ವರದಿ ಚೆನ್ನಾಗಿದ್ದರೆ ಪರವಾನಗಿ ಕಾಯಂ. ಇಲ್ಲದಿದ್ದರೆ ನಾವು ಮೂವತ್ತೆಂಟು ಹೆಂಗಸರು ಮತ್ತೆ ಸಿಗಡಿ ಸುಲಿಯುವ ಕಾರ್ಖಾನೆಗೆ. ಅಲ್ಲಿ ಐಸಿನ ನೀರಲ್ಲಿ ಹತ್ತು ಗಂಟೆ ನಿಂತು, ಕಕ್ಕಸಿಗೆ ಹೋಗಲೂ ಮೇಸ್ತ್ರಿಯ ಮುಖ ನೋಡಬೇಕಿತ್ತು.

ಆ ದಿಣ್ಣೆಯನ್ನು ಕಂಡುಹಿಡಿದವಳು ನಾನು. ಬಿರುಗಾಳಿಗೆ ಅಳಿವೆಯ ಬಾಯಿ ಪಕ್ಕಕ್ಕೆ ಸರಿದು ಹೊಸ ದಿಣ್ಣೆ ಎದ್ದಿತ್ತು. ಇಳಿತದಲ್ಲಿ ನಡೆದು ನೋಡಿದರೆ ಕಾಲಿಟ್ಟಲ್ಲೆಲ್ಲ ಗಟ್ಟಿ. ಬಗೆದೆ. ಒಂದು ಬೊಗಸೆ ಮರಳಿಗೆ ಅರ್ಧ ಬೊಗಸೆ ಚಿಪ್ಪು! ಅವತ್ತಿನಿಂದ ಎಲ್ಲರಿಗೂ ನಾನು ಕ್ಯಾಪ್ಟನಕ್ಕ. ಅನ್ನಲಿ ಬಿಡಿ, ತಪ್ಪೇನು.

"ಎಷ್ಟು ಚಿಪ್ಪಿರಬಹುದು ನಿಮ್ಮ ಅಂದಾಜಲ್ಲಿ?" ಎಂದು ಸ್ಕೇಲಮ್ಮ ಕೇಳಿದರು.

"ಅಂದಾಜು ಏನ್ ಬಂತು ಮೇಡಂ, ಲೆಕ್ಕಕ್ಕೆ ಸಿಗಲ್ಲ. ಮುಗಿಯೋ ಮಾತೇ ಇಲ್ಲ" ಅಂದೆ.

ಅವರು ಏನೂ ಬರೆದುಕೊಳ್ಳಲಿಲ್ಲ. ದಿಣ್ಣೆ ಚೆನ್ನಾಗಿ ಗೊತ್ತಿರುವವರು ಒಬ್ಬರು ಜೊತೆಗೆ ಬೇಕು ಅಂದರು. ಮೂವತ್ತೇಳು ಬೆರಳು ನನ್ನ ಕಡೆ ತಿರುಗಿದವು.

ಜನವರಿ 7, ಬುಧವಾರ

ಇವತ್ತು ಮೈಯೆಲ್ಲ ಉರಿದುಹೋಯಿತು. ದಿಣ್ಣೆಯ ಒಳ್ಳೇ ಜಾಗಕ್ಕೆ, ಗೋರೆ ಹಾಕಿದರೆ ಕಟಕಟ ಸದ್ದಾಗುವಲ್ಲಿಗೆ, ಕೈಹಿಡಿದು ಕರೆದುಕೊಂಡು ಹೋದೆ. ಅವರು ಅತ್ತ ಕಣ್ಣೂ ಹಾಯಿಸದೆ ಚೀಲದಿಂದ ಒಂದು ಡಬ್ಬ ತೆಗೆದರು. ಒಳಗೆ ಚೀಟಿಗಳು. ಒಂದೊಂದರ ಮೇಲೂ ಎರಡೆರಡು ಅಂಕಿ.

"ಚೀಟಿ ಎತ್ತಿ. ಇಷ್ಟು ಹೆಜ್ಜೆ ಆ ಕಡೆ, ಇಷ್ಟು ಹೆಜ್ಜೆ ಈ ಕಡೆ. ಎಲ್ಲಿ ಬರುತ್ತೋ ಅಲ್ಲೇ ಅಗೆಯೋಣ."

"ಅಲ್ಲಿ ಬರೀ ಕೆಸರು ಮೇಡಂ! ನಾನಿಲ್ಲಿ ಚಿನ್ನದಂಥ ಜಾಗ ತೋರಿಸ್ತಿದ್ದೀನಿ."

"ಚಿನ್ನದಂಥ ಜಾಗ ಮಾತ್ರ ನೋಡಿದ್ರೆ ಇಡೀ ದಿಣ್ಣೆ ಚಿನ್ನ ಅನ್ಸುತ್ತೆ. ನಿಮಗೆ ನಿಜ ಬೇಕೋ, ಹೊಗಳಿಕೆ ಬೇಕೋ?"

ನನಗೆ ಎರಡೂ ಬೇಕಿತ್ತು. ಬಾಯಿ ಮುಚ್ಚಿಕೊಂಡು ಚೀಟಿ ಎತ್ತಿದೆ. ಕಬ್ಬಿಣದ ಚೌಕಟ್ಟೊಂದನ್ನು ಮರಳ ಮೇಲಿಟ್ಟು, ಅದರೊಳಗೆ ಗೇಣುದ್ದ ಆಳಕ್ಕೆ ಬಗೆದು, ಸಣ್ಣ ಜರಡಿಯಲ್ಲಿ ತೊಳೆದು, ಉಳಿದ ಪ್ರತಿಯೊಂದು ಚಿಪ್ಪನ್ನೂ ಎಣಿಸಿ ಅಳೆಯುವುದು. ಮೊದಲ ಚೌಕದಲ್ಲಿ ಎರಡು ಸಿಕ್ಕವು, ಎರಡನೆಯದರಲ್ಲಿ ಸೊನ್ನೆ. ದೂರದಲ್ಲಿ ಗೋರೆ ಎಳೆಯುತ್ತಿದ್ದ ನನ್ನ ನಾದಿನಿ ಕೂಗಿ ಕೇಳಿದಳು, "ಅತ್ತಿಗೆ, ಏನಾದ್ರೂ ಕಳ್ಕೊಂಡ್ರಾ ಅಲ್ಲಿ?" ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು.

ಜನವರಿ 9, ಶುಕ್ರವಾರ

ಇಪ್ಪತ್ತನಾಲ್ಕು ಚೌಕ ಮುಗಿಯಿತು. ಬೆನ್ನು ನನ್ನದಲ್ಲ.

ಚಿಪ್ಪು ಅಳೆಯಲು ವರ್ನಿಯರ್ ಹಿಡಿಯುವುದನ್ನು ಕಲಿತೆ. ಎರಡು ದವಡೆಯ ನಡುವೆ ಚಿಪ್ಪು ಹಿಡಿಸಿ, ಮೇಲಿನ ಗೆರೆ ಕೆಳಗಿನ ಗೆರೆಗೆ ಎಲ್ಲಿ ಕೂಡುತ್ತದೆ ನೋಡಬೇಕು. ನನ್ನ ಗಂಡ ದೋಣಿ ಎಂಜಿನ್ ರಿಪೇರಿಯವನು. ಅವನ ಅಂಗಡಿಯಲ್ಲಿ ಅಂಥದ್ದೇ ಒಂದಿದೆ. ಸಂಜೆ ಅದನ್ನು ಕಸಿದುಕೊಂಡು ಅವನ ಬೋಲ್ಟುಗಳನ್ನೆಲ್ಲ ಅಳೆದು ಹೇಳಿದೆ. ಅವನು ಒಂದೊಂದನ್ನೇ ಪರೀಕ್ಷಿಸಿ ನೋಡಿದ.

"ಲೇ, ಇಪ್ಪತ್ತು ವರ್ಷದಿಂದ ಇದನ್ನ ಓದೋಕೆ ನಾನು ಕನ್ನಡಕ ಹುಡುಕ್ತೀನಿ. ನೀನು ಮೂರೇ ದಿನಕ್ಕೆ ಮೇಸ್ತ್ರಿ ಆಗ್ಬಿಟ್ಯಲ್ಲೇ."

ಏಳನೇ ತರಗತಿಯ ನಂತರ ಯಾರೂ ನನಗೆ ಹೀಗೆ ಅಂದಿರಲಿಲ್ಲ.

ಜನವರಿ 19, ಸೋಮವಾರ

ಅಮಾವಾಸ್ಯೆಯ ಇಳಿತ, ನೀರು ಬಹಳ ದೂರ ಹೋಗಿತ್ತು. ನಲವತ್ತೊಂದು ಚೌಕ. ಮಧ್ಯಾಹ್ನ ಲೆಕ್ಕ ಕೂಡಿಸುವಾಗ ಹದಿನೇಳನೆಯ ಚೌಕದಲ್ಲಿ ಮೇಡಂ 23 ಎಂದು ಬರೆದಿದ್ದರು. "ಅಲ್ಲ ಮೇಡಂ, 32" ಅಂದೆ. ಚಿಪ್ಪುಗಳನ್ನು ನಂಬರಿನ ಚೀಲದಲ್ಲಿ ಇಟ್ಟಿದ್ದೆವು. ಸುರಿದು ಎಣಿಸಿದರು. 32!

"ಮೂವತ್ತು ವರ್ಷದಲ್ಲಿ ನನ್ನ ತಪ್ಪು ಹಿಡಿದವರಲ್ಲಿ ನೀವು ಎರಡನೆಯವರು."

"ಮೊದಲನೆಯವರು ಯಾರು?"

"ನಮ್ಮಮ್ಮ" ಅಂದರು. ಅವರು ನಕ್ಕಿದ್ದನ್ನು ನೋಡಿದ್ದು ಇದೇ ಮೊದಲು.

ಆಮೇಲೆ ಚಿಪ್ಪಿನ ಮೇಲಿನ ಬಳೆಗಳನ್ನು ತೋರಿಸಿದರು. ಒತ್ತಾದ ಒಂದು ಗೆರೆ ಬಂದರೆ ಒಂದು ವರ್ಷ ಕಳೆದ ಹಾಗೆ. ನಮ್ಮ ಚೀಲದ ಚಿಪ್ಪುಗಳಿಗೆಲ್ಲ ನಾಲ್ಕು ಗೆರೆ, ಕೆಲವಕ್ಕೆ ಐದು. ಒಂದು, ಎರಡು ಗೆರೆಯವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. "ಮುದುಕರಿರೋ ಊರು. ಮಕ್ಕಳೇ ಕಾಣ್ತಿಲ್ಲ" ಅಂದರು ಮೇಡಂ.

ನನಗೆ ಹಿಡಿಸಲಿಲ್ಲ. ಮರಿಗಳು ಅಡಗಿಕೊಂಡಿರುತ್ತವೆ, ಅವು ಇರುವ ಜಾಗ ಇವರ ಚೀಟಿಗೆ ಹೇಗೆ ಗೊತ್ತಾಗಬೇಕು?

ನಾದಿನಿ ಬೇರೆ ಒಂದು ಯೋಚನೆ ಹಿಡಿದುಕೊಂಡು ಕೂತಿದ್ದಾಳೆ. ಪರವಾನಗಿ ಕಾಯಂ ಆದ ಕೂಡಲೇ ಅವಳ ಗಂಡನ ಎಂಜಿನ್ ದೋಣಿಗೆ ಕಬ್ಬಿಣದ ಹಲ್ಲಿನ ದೊಡ್ಡ ಬಲೆ ಕಟ್ಟಿ ದಿಣ್ಣೆಯ ಮೇಲೆ ಎಳೆಯುವುದಂತೆ. "ಒಂದು ವಾರದ ಕೆಲಸ ಒಂದು ಗಂಟೇಲಿ ಆಗುತ್ತೆ ಅತ್ತಿಗೆ. ಬಗ್ಗಿ ಬಗ್ಗಿ ಸಾಯೋದು ತಪ್ಪುತ್ತೆ." ಅವಳ ಸೊಂಟದ ನೋವು ನನಗೂ ಗೊತ್ತು. ನೋಡೋಣ ಅಂದೆ.

ಫೆಬ್ರವರಿ 2, ಸೋಮವಾರ

ನೂರಿಪ್ಪತ್ತು ಚೌಕ ಪೂರ್ತಿ ಆಯಿತು. ಒಟ್ಟು 1,846 ಚಿಪ್ಪು. ಅದರಲ್ಲಿ ಎರಡು ಸೆಂಟಿಮೀಟರಿಗಿಂತ ಸಣ್ಣವು 31. ಮೇಡಂ ನಮ್ಮ ಸಂಘದ ಶೆಡ್ಡಿನ ಬೆಂಚಿನ ಮೇಲೆ ಕೂತು ಕೂಡಿ, ಗುಣಿಸಿ, ಪೆನ್ನು ಕೆಳಗಿಟ್ಟರು.

"ಈಗ ತೆಗೀತಿರೋ ಹಾಗೇ ತೆಗೆದ್ರೆ ಹದಿನಾಲ್ಕು ತಿಂಗಳು. ಆಮೇಲೆ ಬರೀ ಮರಳು. ಒಂದೇ ಒಂದು ಸಲ ಮರಿಗಳು ಬಂದು ಕೂತಿವೆ, ಆಮೇಲೆ ಬಂದೇ ಇಲ್ಲ ಅಂತ ಕಾಣುತ್ತೆ. ದಿಣ್ಣೆಗೆ ಮತ್ತೆ ಹುಟ್ಟಿಸೋ ಶಕ್ತಿ ಇಲ್ಲ ಅಂತ ಬರೀಬೇಕಾಗುತ್ತೆ."

ನನ್ನ ದಿಣ್ಣೆಯನ್ನು ಯಾರೋ ಬಂಜೆ ಎಂದು ಬೈದ ಹಾಗಾಯಿತು. ಎದ್ದು ನಿಂತೆ.

"ಮರಿಗಳಿಲ್ಲ ಅಂತೀರಾ? ಬನ್ನಿ ನನ್ನ ಜೊತೆ. ಬನ್ನಿ ಅಂದ್ರೆ!"

ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನನ್ನೆತ್ತರದ ಗುಡ್ಡೆಯಿದೆ. ದಿಣ್ಣೆಯಲ್ಲಿ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿ ಶೆಡ್ಡಿಗೆ ತಂದು ಇಲ್ಲಿ ಆರಿಸುತ್ತೇವೆ. ದೊಡ್ಡವು ಬುಟ್ಟಿಗೆ, ಸಣ್ಣವು ಕಿಟಕಿಯಿಂದ ಹಿಂದಕ್ಕೆ. ಮೊದಲು ತುಂಬು, ಆಮೇಲೆ ಆರಿಸು. ಇಳಿತದ ಹೊತ್ತು ಉಳಿಸಲು ಮೊದಲನೆಯ ವರ್ಷ ನಾನೇ ಹೇಳಿಕೊಟ್ಟ ಉಪಾಯ.

"ನೋಡಿ! ಇದೆಲ್ಲ ಏನು? ಇದೆಲ್ಲ ಮರಿಗಳೇ ತಾನೆ? ನಮ್ಮ ದಿಣ್ಣೇಲಿ ವರ್ಷಾ ವರ್ಷ ಎಷ್ಟು ಹುಟ್ಟುತ್ತೆ ಅಂತ..."

ತೋರಿಸುತ್ತಿದ್ದ ಕೈಯನ್ನು ಕೆಳಗಿಳಿಸಿದೆ.

ಮೇಡಂ ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತು ಒಂದು ಚಿಪ್ಪು ಎತ್ತಿ ಉಗುರಿನಿಂದ ಉಜ್ಜಿ ನೋಡಿದರು. ಒಂದು ಗೆರೆ. ಇನ್ನೊಂದು ಎತ್ತಿದರು. ಒಂದೇ ಗೆರೆ.

ಫೆಬ್ರವರಿ 3, ಮಂಗಳವಾರ

ಗುಡ್ಡೆಯ ಮೇಲೆ, ನಡುವೆ, ಬುಡದಲ್ಲಿ, ಮೂರು ಕಡೆಯಿಂದ ಒಂದೊಂದು ಬಕೆಟ್ ತೆಗೆದೆ. 1,212 ಚಿಪ್ಪು. ಎರಡೂವರೆ ಸೆಂಟಿಮೀಟರಿಗಿಂತ ಸಣ್ಣವು 1,164. ಅಳೆದಿದ್ದು ನಾನೊಬ್ಬಳೇ, ಇಡೀ ದಿನ.

ಮಧ್ಯಾಹ್ನ ಊಟ ಬಿಟ್ಟೆ. ಹಸಿವಾಗಿರಲಿಲ್ಲ.

ಫೆಬ್ರವರಿ 5, ಗುರುವಾರ

ನಾದಿನಿ ಮನೆಗೇ ಬಂದಳು. ಚಪ್ಪಲಿ ಕೂಡ ಬಿಡಲಿಲ್ಲ.

"ನೀವೇ ಕರ್ಕೊಂಡ್ ಹೋಗಿ ತೋರಿಸಿದ್ರಂತೆ? ಯಾರೂ ಕೇಳಿರಲಿಲ್ಲ, ಯಾರೂ ಆ ಕಡೆ ಹೋಗಿರಲಿಲ್ಲ. ನೀವೇ!"

"ಮರಿಗಳಿಲ್ಲ ಅಂದ್ರು ಕಣೇ. ಸುಮ್ನಿರೋಕೆ ಆಗ್ಲಿಲ್ಲ."

"ನಿಮ್ಮ ಜಂಬಕ್ಕೆ ನಮ್ಮ ಅನ್ನ ಹೋಯ್ತಲ್ಲ ಅತ್ತಿಗೆ. ಆ ಐಸ್ ನೀರಿಗೆ ನಾನು ಮತ್ತೆ ಹೋಗಲ್ಲ. ಹೇಳಿರ್ತೀನಿ, ಹೋಗಲ್ಲ."

ಒಳಗಿನಿಂದ ನನ್ನ ಗಂಡ "ಚಹಾ ಕುಡೀತೀಯೇನಮ್ಮ?" ಎಂದು ತಂಗಿಯನ್ನು ಕೇಳಿದ. ಅವನಿಗೆ ಎಂಜಿನ್ ಸದ್ದಿಗೆ ಕಿವಿ ಮಂದ. ಜಗಳ ಅರ್ಧ ಮುಗಿದ ಮೇಲೆಯೇ ತಿಳಿಯುವುದು. ಅವಳು ಕುಡಿಯದೆ ಹೋದಳು.

ಸುಳ್ಳು ಬರೆಯಬಾರದು, ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಜಂಬಕ್ಕೇ ತೋರಿಸಿದ್ದು. ಆದರೆ ತೋರಿಸಬಾರದಿತ್ತು ಎಂದು ಮಾತ್ರ ನನಗೆ ಎಷ್ಟು ಯೋಚಿಸಿದರೂ ಅನ್ನಿಸುತ್ತಿಲ್ಲ.

ಫೆಬ್ರವರಿ 18, ಬುಧವಾರ

ಹದಿಮೂರು ದಿನ ಏನೂ ಬರೆದಿಲ್ಲ. ಶೆಡ್ಡಿನಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ, ಕ್ಯಾಪ್ಟನಕ್ಕ ಅನ್ನುವವರೂ ಇಲ್ಲ. ಪರವಾಗಿಲ್ಲ. ಸದ್ದಿಲ್ಲದಿದ್ದರೆ ಎಣಿಕೆ ತಪ್ಪುವುದಿಲ್ಲ.

ಇವತ್ತು ಒಂದು ಕೆಲಸ ಮಾಡಿದೆ. ಮೇಡಂ ಊರಲ್ಲಿರಲಿಲ್ಲ, ಅವರನ್ನು ಕೇಳಿ ಮಾಡಿದ್ದಲ್ಲ. ದಿಣ್ಣೆಯ ಮೇಲೆಯೇ ಜರಡಿ ಹಿಡಿದು ಐವತ್ತು ಮರಿಗಳನ್ನು ಆರಿಸಿ, ಆಗಲೇ ಮರಳು ಹಾಕಿಟ್ಟ ಉಪ್ಪುನೀರಿನ ಟಬ್ಬಿಗೆ ಬಿಟ್ಟೆ. ಇನ್ನೈವತ್ತನ್ನು ಚೀಲದಲ್ಲಿ ಹಾಕಿ ಶೆಡ್ಡಿಗೆ ತಂದು, ನಾಲ್ಕು ಗಂಟೆ ನೆಲದ ಮೇಲಿಟ್ಟು ಆಮೇಲೆ ಇನ್ನೊಂದು ಟಬ್ಬಿಗೆ ಬಿಟ್ಟೆ. ಎರಡನ್ನೂ ಹಿತ್ತಲಿನ ನೆರಳಲ್ಲಿಟ್ಟು ಕಾದೆ. ಬದುಕಿದ್ದವು ತಾವಾಗಿ ಮರಳಿಗೆ ಇಳಿಯುತ್ತವೆ. ಮೊದಲು ಸಣ್ಣ ನಾಲಗೆ ಹೊರಗೆ ಬರುತ್ತದೆ, ಮರಳನ್ನು ತಡವುತ್ತದೆ, ಆಮೇಲೆ ಚಿಪ್ಪು ಎದ್ದು ನಿಂತು ಒಂದೇ ಎಳೆತಕ್ಕೆ ಒಳಗೆ.

ದಿಣ್ಣೆಯ ಮೇಲೆಯೇ ಆರಿಸಿದವು: 50ರಲ್ಲಿ 47 ಇಳಿದವು.
ಶೆಡ್ಡಿಗೆ ಬಂದವು: 50ರಲ್ಲಿ 9.

ಗಂಡ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ತುಂಬ ಹೊತ್ತು ನೋಡಿ, "ಎಂಥ ಜರಡಿ ಬೇಕು ನಿನಗೆ?" ಅಂದ.

"ಎರಡೂವರೆ ಸೆಂಟಿಮೀಟರ್ ಸಂದು. ಒಂದು ಕೂದಲೂ ಹೆಚ್ಚುಕಮ್ಮಿ ಆಗಬಾರದು."

"ಮೇಸ್ತ್ರಿಣಿ ಹೇಳಿದ ಮೇಲೆ ಮುಗೀತು."

ಮಾರ್ಚ್ 4, ಬುಧವಾರ

ಮೂರು ಜರಡಿ ತಯಾರಾಗಿವೆ. ಮೊದಲನೆಯದರಲ್ಲಿ ಎರಡು ಸರಳಿನ ನಡುವಿನ ಸಂದು ಅರ್ಧ ಮಿಲಿಮೀಟರ್ ಹೆಚ್ಚಿತ್ತು, ವಾಪಸ್ ಕಳಿಸಿದೆ. ಗೊಣಗಿಕೊಂಡೇ ಸರಿಮಾಡಿಕೊಟ್ಟ.

ಟಬ್ಬಿನ ಲೆಕ್ಕವನ್ನು ಮೇಡಂ ಎರಡು ಸಲ ಓದಿದರು. ಎಷ್ಟು ಹೊತ್ತು ಕಾದಿರಿ, ನೀರು ಎಲ್ಲಿಂದ ತಂದಿರಿ, ಎರಡೂ ಟಬ್ಬಿನ ಮರಳು ಒಂದೇ ಜಾಗದ್ದೋ ಎಂದು ಹತ್ತಾರು ಪ್ರಶ್ನೆ ಕೇಳಿದರು. ಎಲ್ಲಕ್ಕೂ ಉತ್ತರವಿತ್ತು. ಒಂದಕ್ಕೆ ಮಾತ್ರ ಇರಲಿಲ್ಲ. ಇನ್ನೊಂದು ದಿನ, ಇನ್ನೊಂದು ಹವೆಯಲ್ಲಿ ಮತ್ತೆ ಮಾಡಿದರೆ ಇದೇ ಬರುತ್ತದೆಯೇ? ಆದ್ದರಿಂದ ಇಬ್ಬರೂ ಕೂಡಿ ಮತ್ತೆ ಮಾಡಿದೆವು. 50ರಲ್ಲಿ 46. 50ರಲ್ಲಿ 11.

"ವರದೀಲಿ ಇದನ್ನ ನಿಮ್ಮ ಪ್ರಯೋಗ ಅಂತಲೇ ಬರೀತೀನಿ" ಅಂದರು. "ಆದ್ರೆ ಒಂದು ತಿಳ್ಕೊಳ್ಳಿ. ಹದಿನಾಲ್ಕು ತಿಂಗಳು ಅನ್ನೋ ಲೆಕ್ಕವನ್ನ ನಾನು ತಿದ್ದಲ್ಲ. ಗುಡ್ಡೆಯ ವಿಷಯಾನೂ ಬಿಡಲ್ಲ. ನಮ್ಮ ಕಚೇರಿ ಸಾಹೇಬ್ರು ಪೂರ್ತಿ ಮುಚ್ಚಿ ಅಂದ್ರೆ ನನ್ನ ಕೈಲಿಲ್ಲ."

"ತಿದ್ದಿ ಅಂತ ನಾನೆಲ್ಲಿ ಕೇಳಿದೆ ಅಕ್ಕ? ತಿದ್ದಿದ್ರೆ ನಾನೇ ಜಗಳಕ್ಕೆ ಬರ್ತಿದ್ದೆ" ಅಂದೆ. ಮೇಡಂ ಅನ್ನುವ ಬದಲು ಅಕ್ಕ ಎಂದೇ ಬಾಯಿಗೆ ಬಂತು.

ಮಾರ್ಚ್ 12, ಗುರುವಾರ

ಕಚೇರಿಯಲ್ಲಿ ವಿಚಾರಣೆ. ಉದ್ದ ಮೇಜು, ಮೇಲೆ ಗಾಜಿನ ಲೋಟಗಳು, ಗೋಡೆಗೆ ಕರಾವಳಿಯ ದೊಡ್ಡ ನಕಾಶೆ. ನಮ್ಮ ದಿಣ್ಣೆ ಅದರಲ್ಲಿ ಇಲ್ಲವೇ ಇಲ್ಲ, ಹಳೇ ನಕಾಶೆ. ಮೂವತ್ತೆಂಟೂ ಜನ ಹೋಗಿದ್ದೆವು. ಕೂರಲು ಕುರ್ಚಿ ಇದ್ದಿದ್ದು ಹನ್ನೆರಡು.

ಅಕ್ಕ ವರದಿ ಓದಿದರು. ಒಂದು ಅಕ್ಷರ ಕೂಡ ಬಿಡಲಿಲ್ಲ. ಗುಡ್ಡೆಯ ಮಾತು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಸಾಹೇಬರು ಕನ್ನಡಕ ತೆಗೆದು, "ಅಂದ ಮೇಲೆ ಇನ್ನೇನು? ಮೂರು ವರ್ಷ ಪೂರ್ತಿ ಮುಚ್ಚೋದೇ ಸರಿ" ಅಂದರು.

ನಾನು ಎದ್ದು ನಿಂತೆ. ಪುಸ್ತಕ ಕೈಯಲ್ಲಿತ್ತು.

"ಸಾಹೇಬ್ರೇ, ಮರಿಗಳನ್ನ ಗುಡ್ಡೆಗೆ ಎಸೆಯೋ ಪದ್ಧತಿ ಶುರುಮಾಡಿದ್ದು ನಾನು. ಬೇರೆ ಯಾರೂ ಅಲ್ಲ. ತಪ್ಪಾಗಿದೆ. ಆದ್ರೆ ಆ ಗುಡ್ಡೆ ಇನ್ನೊಂದು ಮಾತೂ ಹೇಳುತ್ತೆ. ಮೂರು ವರ್ಷದ ಗುಡ್ಡೆ, ಬುಡದಿಂದ ತುದಿವರೆಗೂ ಮರಿಗಳೇ. ಅಂದ್ರೆ ಈ ದಿಣ್ಣೆ ಪ್ರತಿ ವರ್ಷ ಮರಿ ಹಾಕಿದೆ. ಅದರ ಹತ್ರ ಶಕ್ತಿ ಇದೆ. ನಾವು ಬಿಟ್ಟಿಲ್ಲ, ಅಷ್ಟೆ."

ಆಮೇಲೆ ಓದಿದೆ. ಪಡುವಣ ಅರ್ಧ ದಿಣ್ಣೆ ಎರಡು ವರ್ಷ ಪೂರ್ತಿ ಬಿಡುವುದು. ಮೂಡಣ ಅರ್ಧದಲ್ಲಿ ವಾರಕ್ಕೆ ಮೂರೇ ದಿನ. ನೀರಿನಂಚಿನಲ್ಲೇ ಜರಡಿ, ಶೆಡ್ಡಿಗೆ ಒಂದು ಮರಿಯೂ ಬರಬಾರದು. ದೋಣಿಗೆ ಕಟ್ಟಿ ಎಳೆಯುವ ಬಲೆ ಎಂದೆಂದಿಗೂ ಬೇಡ. ಮೂವತ್ತೆಂಟು ಜನರ ಮೇಲೆ ಮೂವತ್ತೊಂಬತ್ತನೆಯವರು ಇಲ್ಲ. ತಿಂಗಳಿಗೊಮ್ಮೆ ಎಣಿಕೆ. ಹೀಗೆ ಮಾಡಿದರೆ ಎಷ್ಟು ಉಳಿಯುತ್ತದೆ ಎಂದು ಒಂದೊಂದು ತಿಂಗಳ ಅಂದಾಜನ್ನೂ ಹೇಳಿದೆ.

ಸಾಹೇಬರು ಕೇಳಿದರು, "ನೀವೇ ತೆಗೆಯೋರು, ನೀವೇ ಎಣಿಸೋರು. ಈ ಲೆಕ್ಕವನ್ನ ನಾವು ನಂಬೋದು ಹೇಗಮ್ಮ?"

ನಾನು ಅಳತೆಯ ಪುಟ ತಿರುವುತ್ತಿದ್ದಾಗ ಹಿಂದಿನಿಂದ ದನಿ ಬಂತು. ನನ್ನ ನಾದಿನಿ. ಐದು ವಾರದಿಂದ ನನ್ನ ಮುಖ ನೋಡದವಳು.

"ನಮ್ಮತ್ತಿಗೆ ಸುಳ್ಳು ಹೇಳೋರಾಗಿದ್ರೆ ನಮಗೆ ಅನುಕೂಲ ಆಗೋ ಸುಳ್ಳು ಹೇಳ್ತಿದ್ರು ಸಾಹೇಬ್ರೇ. ನಮ್ಮ ಹೊಟ್ಟೆ ಮೇಲೇ ಹೊಡೆಯೋ ಲೆಕ್ಕ ಹಿಡ್ಕೊಂಡು ನಿಂತಿದ್ದಾರೆ. ದೊಡ್ಡ ಬಲೆ ಹಾಕ್ಬೇಕು ಅಂತಿದ್ದೋಳು ನಾನು. ಅದನ್ನೂ ಈಗ ನಿಮ್ಮೆದುರೇ ಕಿತ್ತುಹಾಕಿದ್ರು. ಇನ್ನೂ ನಂಬಲ್ಲ ಅಂದ್ರೆ ನೀವೇ ಬಂದು ಮಂಡಿಯೂರಿ ಎಣಿಸ್ಕೊಳ್ಳಿ!"

ಸಾಹೇಬರು ನೀರು ಕುಡಿದರು. ಅಕ್ಕ ತಲೆ ತಗ್ಗಿಸಿ ಕಾಗದ ಜೋಡಿಸುತ್ತಿದ್ದರು, ನಗು ಮುಚ್ಚಿಕೊಳ್ಳಲು.

ಮಾರ್ಚ್ 27, ಶುಕ್ರವಾರ

ಆದೇಶ ಬಂತು. ಕಾಯಂ ಇಲ್ಲ. ಒಂದು ವರ್ಷಕ್ಕೆ ಮಾತ್ರ, ನಾವು ಹೇಳಿದ ಕಟ್ಟುಪಾಡುಗಳ ಮೇಲೆ. ಎಣಿಕೆ ತಪ್ಪಿದರೆ ರದ್ದು. "ಸ್ಥಳೀಯ ಎಣಿಕೆದಾರರು" ಎಂದು ಬರೆದು ಅದರ ಮುಂದೆ ನನ್ನ ಹೆಸರು ಟೈಪ್ ಮಾಡಿದ್ದಾರೆ. ಗಂಡ ಆ ಕಾಗದವನ್ನು ಗ್ರೀಸ್ ಕೈಯಲ್ಲೇ ಹಿಡಿದು ನಾಲ್ಕು ಸಲ ಓದಿದ. ಮೂಲೆಯಲ್ಲಿ ಅವನ ಹೆಬ್ಬೆರಳ ಗುರುತು ಉಳಿದಿದೆ. ಬೈಯಲಿಲ್ಲ.

ಏಪ್ರಿಲ್ 18, ಶನಿವಾರ

ಕಷ್ಟ ಇದೆ. ವಾರಕ್ಕೆ ಮೂರು ದಿನದ ಕೆಲಸ ಅಂದರೆ ಉಳಿದ ದಿನ ಏನು ಮಾಡಬೇಕು? ಆರು ಜನ ಆ ದಿನಗಳಲ್ಲಿ ಬಲೆ ಹೆಣೆಯಲು ಹೋಗುತ್ತಿದ್ದಾರೆ, ಇಬ್ಬರು ಕಾರ್ಖಾನೆಗೇ ಹೋದರು. ಅವರ ಮನೆಗಳ ಮುಂದೆ ಹಾದುಹೋಗುವಾಗ ನನ್ನ ಹೆಜ್ಜೆ ತಾನಾಗಿ ಜೋರಾಗುತ್ತದೆ.

ಜರಡಿ ಹಿಡಿಯುವ ಉಸ್ತುವಾರಿ ನಾದಿನಿ ವಹಿಸಿಕೊಂಡಿದ್ದಾಳೆ. ಇವತ್ತು ನನ್ನ ಬುಟ್ಟಿಯನ್ನೇ ತಡೆದು ಒಂದು ಚಿಪ್ಪು ಎತ್ತಿ ಹಿಡಿದಳು. "ಇದೇನು ಅತ್ತಿಗೆ?" ವರ್ನಿಯರ್ ಇಟ್ಟು ನೋಡಿದೆ. 24.6 ಮಿಲಿಮೀಟರ್, ಇಪ್ಪತ್ತೈದಕ್ಕೆ ಕಮ್ಮಿ. ತಪ್ಪು ನನ್ನದೇ. ಎಲ್ಲರೆದುರಿಗೆ ವಾಪಸ್ ಮರಳಿಗೆ ಬಿಟ್ಟೆ. ನನ್ನ ತಪ್ಪು ಹಿಡಿಯುವವಳು ಒಬ್ಬಳಾದಳಲ್ಲ ಎಂದು ಮನೆಗೆ ಬರುವವರೆಗೂ ಖುಷಿ.

ಸೆಪ್ಟೆಂಬರ್ 12, ಶನಿವಾರ

ಅಮಾವಾಸ್ಯೆಯ ಮಾರನೆಯ ಇಳಿತ, ನೀರು ತಳ ಕಂಡಿದ್ದು 11.20ಕ್ಕೆ. ಪಡುವಣ ಅರ್ಧದಲ್ಲಿ ಎಣಿಕೆ. ಚೀಟಿ ಎತ್ತಿದ ಮೂರನೆಯ ಚೌಕ. ಬಗೆದು, ಜರಡಿಗೆ ಹಾಕಿ ನೀರಲ್ಲಿ ಅಲ್ಲಾಡಿಸಿದಾಗ ತಳದಲ್ಲಿ ಅಕ್ಕಿಕಾಳು ಚೆಲ್ಲಿದ ಹಾಗೆ ಏನೋ ಉಳಿಯಿತು. ಮರಳಿನ ಹರಳು ಅಂದುಕೊಂಡೆ. ಅಂಗೈ ಮೇಲೆ ಹಾಕಿಕೊಂಡರೆ ಹರಳಲ್ಲ.

ಎಣಿಸಿದೆ. ಮತ್ತೆ ಎಣಿಸಿದೆ. 64. ನಾಲ್ಕನೆಯ ಚೌಕದಲ್ಲಿ 51. ಐದನೆಯದರಲ್ಲಿ 3, ಆರರಲ್ಲಿ 78. ದಿಣ್ಣೆಯ ಮೇಲಿಂದಲೇ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅತ್ತ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ, "ಐದನೇದರಲ್ಲಿ ಮೂರೇನಾ? ಸರಿಯಾಗಿ ನೋಡಿದ್ರಾ?" ಅಂದರು.

"ಮೂರು ಸಲ ನೋಡಿದೆ. ಅಲ್ಲಿ ನಿಜವಾಗ್ಲೂ ಮೂರೇ ಇದೆ ಅಕ್ಕ."

"ಹಾಗಾದ್ರೆ ಉಳಿದಿದ್ದನ್ನೂ ನಂಬ್ತೀನಿ" ಅಂದರು. ದನಿ ಸ್ವಲ್ಪ ಒಡೆದಿತ್ತು. ಫೋನಿನ ದೋಷವೂ ಇರಬಹುದು.

ಸುದ್ದಿ ತಿಳಿದು ಮೂಡಣ ಕಡೆಯಿಂದ ಹೆಂಗಸರೆಲ್ಲ ಓಡಿಬಂದರು. ಗಡಿಗೆ ನೆಟ್ಟ ಕೋಲುಗಳ ಹತ್ತಿರ ಬಂದದ್ದೇ, ಯಾರೂ ಹೇಳದೆ, ಎಲ್ಲರೂ ನಿಂತುಬಿಟ್ಟರು. ಈಚೆ ಕಾಲಿಡುವ ಹಾಗಿಲ್ಲವಲ್ಲ. ಕಾರ್ಖಾನೆಗೆ ಹೋದ ಇಬ್ಬರೂ ಇದ್ದರು, ಇವತ್ತು ಅವರಿಗೆ ರಜೆ. ನಾನೇ ಒಂದು ತಟ್ಟೆಯಲ್ಲಿ ನೀರು ಹಾಕಿ ಮರಿಗಳನ್ನು ಇಟ್ಟುಕೊಂಡು ಸಾಲಿನ ಉದ್ದಕ್ಕೂ ತೋರಿಸುತ್ತ ಹೋದೆ. ಅಷ್ಟು ಜನ ಬಾಯಿಬಡುಕ ಹೆಂಗಸರು, ಒಬ್ಬೊಬ್ಬರಾಗಿ ತುಟಿಯಲ್ಲೇ ಎಣಿಸಿಕೊಂಡರು.

ನಾದಿನಿ ಬಗ್ಗಿ, ಸೊಂಟಕ್ಕೆ ಕೈಕೊಟ್ಟುಕೊಂಡು, ತಟ್ಟೆಯೊಳಗೆ ತುಂಬ ಹೊತ್ತು ನೋಡಿದಳು.

"ಇವು ತೆಗೆಯೋ ಹಾಗೆ ಆಗೋದು ಯಾವಾಗ ಅತ್ತಿಗೆ?"

"ಇನ್ನೂ ಎರಡು ವರ್ಷ ಬೇಕು ಕಣೇ. ಎರಡೂವರೆ ಅಂತಾನೇ ಇಟ್ಕೋ."

"ಅಷ್ಟೇನಾ!" ಅಂದಳು.